ಶಾಸಕರ ಖಾಸಗಿ ಪತ್ರಸಂಗ್ರಹಗಳು: ಅಮೆರಿಕದ ರಾಜ್ಯಗಳಲ್ಲಿ

ರಾಜಕಾರಣಿಯೊಬ್ಬರು ಬದುಕಿನುದ್ದಕ್ಕೂ ಕೂಡಿಟ್ಟ ಪತ್ರಗಳು, ಡೈರಿಗಳು, ಮಸೂದೆಯ ಕರಡುಗಳು, ಭಾಷಣದ ಟಿಪ್ಪಣಿಗಳು, ಚುನಾವಣೆಯ ಕರಪತ್ರಗಳು, ಫೋಟೊಗಳು ಪತ್ರಾಗಾರದ ವಶಕ್ಕೆ ಬಂದು, ಅಲ್ಲಿ ವಿಂಗಡಣೆಯಾಗಿ ಓದುಗರಿಗೆ ತೆರೆದುಕೊಂಡಾಗ ಅದನ್ನು ಖಾಸಗಿ ಪತ್ರಸಂಗ್ರಹ ಎನ್ನುತ್ತಾರೆ. ಸರ್ಕಾರಿ ಕಡತದಲ್ಲಿ ನಿರ್ಧಾರ ದಾಖಲಾಗುತ್ತದೆ. ಆ ನಿರ್ಧಾರಕ್ಕೆ ಬರುವ ಮುನ್ನ ಯಾರು ಯಾರ ಮೇಲೆ ಒತ್ತಡ ತಂದರು, ಕರಡಿನ ಯಾವ ಸಾಲನ್ನು ಯಾರು ಹೊಡೆದುಹಾಕಿದರು, ಯಾವ ಊರಿನವರು ಏನು ಬೇಡಿ ಬರೆದರು ಎಂಬುದೆಲ್ಲ ಹೆಚ್ಚಾಗಿ ಸಿಗುವುದು ಖಾಸಗಿ ಪತ್ರಗಳಲ್ಲಿ. ಇಂಥ ಸಂಗ್ರಹಗಳನ್ನು ಕಟ್ಟುವ ಕೆಲಸ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳಲ್ಲಿ ನೂರು ವರ್ಷಕ್ಕೂ ಮೀರಿ ನಡೆದುಬಂದಿದೆ.

ಅಲ್ಲಿ ಗವರ್ನರ್ ಎಂದರೆ ಜನರಿಂದ ನೇರವಾಗಿ ಆಯ್ಕೆಯಾದ ಆಡಳಿತ ಮುಖ್ಯಸ್ಥ. ಅಧಿಕಾರದ ದೃಷ್ಟಿಯಿಂದ ನಮ್ಮ ರಾಜ್ಯಪಾಲರಿಗಿಂತ ಮುಖ್ಯಮಂತ್ರಿಗೆ ಹತ್ತಿರ. ನೆಬ್ರಾಸ್ಕ ಒಂದನ್ನು ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಎರಡು ಸದನಗಳ ವಿಧಾನಮಂಡಲವಿದೆ. 50 ರಾಜ್ಯಗಳ ಶಾಸಕರನ್ನು ಒಟ್ಟು ಸೇರಿಸಿದರೆ ಸಂಖ್ಯೆ 7,000 ದಾಟುತ್ತದೆ. ಇವರಲ್ಲಿ ಅನೇಕರು ಕೆಲವು ಅವಧಿ ಕೆಲಸ ಮಾಡಿ ತಮ್ಮ ವಕೀಲಿಗೋ ಬೇಸಾಯಕ್ಕೋ ವ್ಯಾಪಾರಕ್ಕೋ ಮರಳುವವರು. ಶಾಲೆ, ರಸ್ತೆ, ನೀರು, ಜೈಲು, ಭೂಮಿಯ ತೆರಿಗೆ ಮುಂತಾದ ದಿನಬಳಕೆಯ ಕಾನೂನು ಹುಟ್ಟುವುದು ಇವರ ಕೈಯಲ್ಲೇ. ಇವರ ಕಾಗದಪತ್ರಗಳು ಕೊನೆಗೆ ಎಲ್ಲಿ ಸೇರುತ್ತವೆ ಎಂಬುದು ಬಹುಮಟ್ಟಿಗೆ ಕಾನೂನಿನಿಂದ ತೀರ್ಮಾನವಾಗಿಲ್ಲ, ರೂಢಿಯಿಂದ ತೀರ್ಮಾನವಾಗಿದೆ. ಈ ಕ್ಷೇತ್ರದ ದೊಡ್ಡ ದೌರ್ಬಲ್ಯ ಅದೇ.

ಒಡೆತನ

ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷ ಪದವಿ ಬಿಟ್ಟಾಗ ತಮ್ಮ ಪತ್ರಗಳನ್ನು ಮೌಂಟ್ ವರ್ನನ್‌ನ ಮನೆಗೆ ಕೊಂಡೊಯ್ದರು. ನಂತರದ ಅಧ್ಯಕ್ಷರೂ ಅದೇ ದಾರಿ ಹಿಡಿದರು. ವಾಟರ್‌ಗೇಟ್ ಹಗರಣದ ಬಳಿಕ 1978ರಲ್ಲಿ ಕಾನೂನು ಬಂದು, 1981ರ ಜನವರಿಯಿಂದ ಅಧ್ಯಕ್ಷರ ಕಚೇರಿಯ ದಾಖಲೆಗಳು ರಾಷ್ಟ್ರದ ಸ್ವತ್ತಾದವು. ಅಮೆರಿಕದ ಕಾಂಗ್ರೆಸ್ ಸದಸ್ಯರಿಗೆ ಮಾತ್ರ ಆ ಕಾನೂನು ಅನ್ವಯಿಸಲಿಲ್ಲ. ಸಮಿತಿಯ ದಾಖಲೆ ಸದನಕ್ಕೆ ಸೇರಿದ್ದು, ಸದಸ್ಯರ ಸ್ವಂತ ಕಚೇರಿಯ ಪತ್ರಗಳು ಸದಸ್ಯರಿಗೇ ಸೇರಿದ್ದು ಎಂಬ ವ್ಯವಸ್ಥೆ ಇಂದಿಗೂ ಇದೆ. ಆ ಪತ್ರಗಳನ್ನು ಕಾಪಾಡಿ ಸಂಶೋಧನಾ ಸಂಸ್ಥೆಗಳಿಗೆ ಕೊಡಬೇಕೆಂದು 2008ರಲ್ಲಿ ಕಾಂಗ್ರೆಸ್ ನಿರ್ಣಯ ಮಾಡಿತು. ಅದು ಕೋರಿಕೆ ಮಾತ್ರ, ಕಟ್ಟಳೆಯಲ್ಲ.

ರಾಜ್ಯಗಳಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ. ಗವರ್ನರ್ ಕಚೇರಿಯ ದಾಖಲೆ ಸಾರ್ವಜನಿಕ ಸ್ವತ್ತು ಎಂದು ಹಲವು ರಾಜ್ಯಗಳು ಕ್ರಮೇಣ ಒಪ್ಪಿಕೊಂಡಿವೆ. ಶಾಸಕರ ಪತ್ರಗಳು ಅವರವರ ಮನೆಯ ಸ್ವತ್ತು ಎಂಬ ಭಾವನೆ ಮಾತ್ರ ಗಟ್ಟಿಯಾಗಿ ಉಳಿದಿದೆ. ಕ್ಯಾಲಿಫೋರ್ನಿಯದ ಗವರ್ನರುಗಳ ಪತ್ರಗಳು ಎಲ್ಲೆಲ್ಲಿ ಹಂಚಿಹೋಗಿವೆ ಎಂದು ನೋಡಿದರೆ ರೂಢಿಯ ಆಟ ತಿಳಿಯುತ್ತದೆ. ಅರ್ಲ್ ವಾರನ್ ಪತ್ರಗಳು ಸ್ಯಾಕ್ರಮೆಂಟೊದ ರಾಜ್ಯ ಪತ್ರಾಗಾರದಲ್ಲಿವೆ. ಪ್ಯಾಟ್ ಬ್ರೌನ್ ಪತ್ರಗಳು ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿವೆ. ರೊನಾಲ್ಡ್ ರೇಗನ್ 1967ರಿಂದ 1975ರವರೆಗೆ ಗವರ್ನರ್ ಆಗಿದ್ದ ಕಾಲದ ಕಡತಗಳು ಮೊದಲು ಸ್ಟ್ಯಾನ್‌ಫರ್ಡ್‌ನ ಹೂವರ್ ಸಂಸ್ಥೆಗೆ ಹೋಗಿ, ಆಮೇಲೆ ಸಿಮಿ ವ್ಯಾಲಿಯಲ್ಲಿರುವ ಅವರ ಅಧ್ಯಕ್ಷೀಯ ಗ್ರಂಥಾಲಯ ಸೇರಿದವು. ಅವರ ನಂತರ ಬಂದ ಜೆರಿ ಬ್ರೌನ್ ತಮ್ಮ ಮೊದಲ ಆಡಳಿತದ ಪತ್ರಗಳನ್ನು ಲಾಸ್ ಏಂಜಲಿಸ್‌ನ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ತಂದೆ ಪ್ಯಾಟ್, ಮಗ ಜೆರಿ ಇಬ್ಬರ ಆಡಳಿತವನ್ನೂ ಹೋಲಿಸಿ ಬರೆಯಬೇಕಾದವರು ಎರಡು ಊರು ಸುತ್ತಬೇಕು.

ಟೆಕ್ಸಸ್‌ನಲ್ಲಿ ಈ ವಿಷಯ ಜಗಳಕ್ಕೇ ಹೋಯಿತು. ಜಾರ್ಜ್ ಡಬ್ಲ್ಯು. ಬುಷ್ ಅಧ್ಯಕ್ಷ ಪದವಿಗೆ ಹೊರಟಾಗ ತಮ್ಮ ಗವರ್ನರ್ ಕಾಲದ ಪೆಟ್ಟಿಗೆಗಳನ್ನು ಆಸ್ಟಿನ್‌ನ ರಾಜ್ಯ ಪತ್ರಾಗಾರಕ್ಕೆ ಕೊಡದೆ, ಕಾಲೇಜ್ ಸ್ಟೇಷನ್‌ನಲ್ಲಿರುವ ತಂದೆಯ ಅಧ್ಯಕ್ಷೀಯ ಗ್ರಂಥಾಲಯಕ್ಕೆ ಕಳಿಸಿದರು. ಆ ಗ್ರಂಥಾಲಯ ನಡೆಯುವುದು ಕೇಂದ್ರ ಸರ್ಕಾರದ ಅಧೀನದಲ್ಲಿ. ಹಾಗಾದರೆ ಟೆಕ್ಸಸ್‌ನ ಮಾಹಿತಿ ಕಾನೂನಿನಡಿ ಯಾರಾದರೂ ಕಡತ ಕೇಳಿದರೆ ಉತ್ತರ ಕೊಡಬೇಕಾದವರು ಯಾರು? 2002ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಈ ದಾಖಲೆಗಳು ಟೆಕ್ಸಸ್ ಕಾನೂನಿಗೆ ಒಳಪಟ್ಟವು ಎಂದು ಅಭಿಪ್ರಾಯ ಕೊಟ್ಟ ಮೇಲೆ ಪೆಟ್ಟಿಗೆಗಳು ಆಸ್ಟಿನ್‌ಗೆ ಮರಳಿದವು. ಸರ್ಕಾರದ ಸಂಬಳದಲ್ಲಿ, ಸರ್ಕಾರದ ಕೆಲಸಕ್ಕಾಗಿ ಹುಟ್ಟಿದ ಕಾಗದ ಆ ರಾಜ್ಯದ ಜನರಿಗೆ ಸೇರಬೇಕು ಎಂಬ ಮಾತು ಇಲ್ಲಿ ಗೆದ್ದದ್ದು ಸರಿಯಾಗಿಯೇ ಇದೆ.

ಶಾಸಕರ ಮಟ್ಟದಲ್ಲಿ ಇಂಥ ಗೆಲುವುಗಳು ಕಡಿಮೆ. ಬರಾಕ್ ಒಬಾಮ 1997ರಿಂದ 2004ರವರೆಗೆ ಇಲಿನಾಯ್ ರಾಜ್ಯದ ಸೆನೆಟ್‌ನಲ್ಲಿದ್ದರು. 2007ರಲ್ಲಿ ಅಧ್ಯಕ್ಷ ಚುನಾವಣೆಯ ಪ್ರಚಾರದ ನಡುವೆ ಆ ಕಾಲದ ಕಡತಗಳೆಲ್ಲಿ ಎಂದು ಪತ್ರಕರ್ತರು ಕೇಳಿದಾಗ, ಕಾಗದ ಜೋಡಿಸಿಡಲು ತಮಗೆ ಸಿಬ್ಬಂದಿ ಇರಲಿಲ್ಲ, ಅವು ಕಸಕ್ಕೆ ಹೋಗಿದ್ದರೂ ಹೋಗಿರಬಹುದು ಎಂಬರ್ಥದ ಉತ್ತರ ಕೊಟ್ಟರು. ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರ ಶಾಸಕ ಜೀವನದ ಕಡತಗಳ ಗತಿಯೇ ಹೀಗಾದರೆ, ಹೆಸರು ಮಾಡದ ಸಾವಿರಾರು ಶಾಸಕರ ಕಾಗದಗಳ ಪಾಡನ್ನು ಊಹಿಸಬಹುದು.

ಪೆಟ್ಟಿಗೆಯೊಳಗೆ ಏನಿರುತ್ತದೆ

ಅತಿ ಹೆಚ್ಚು ಜಾಗ ಹಿಡಿಯುವುದು ಮತದಾರರ ಪತ್ರಗಳು. ಪಿಂಚಣಿ ಬಂದಿಲ್ಲ, ಸೇತುವೆ ಕುಸಿದಿದೆ, ಮಗನಿಗೆ ಕೆಲಸ ಕೊಡಿಸಿ, ಪಕ್ಕದ ಊರಿನ ಶಾಲೆಗೆ ನಮ್ಮ ಮಕ್ಕಳನ್ನು ಸೇರಿಸಬೇಡಿ ಎಂಬಂಥ ಅಹವಾಲುಗಳು. ಶಾಸಕರ ಸ್ವಂತ ಕೈಬರಹಕ್ಕಿಂತ ಇವು ಎಷ್ಟೋ ಪಾಲು ಹೆಚ್ಚು. ಒಂದೇ ಒಕ್ಕಣೆಯ ನೂರಾರು ಅಚ್ಚಿನ ಕಾರ್ಡುಗಳು ಬಂದಿದ್ದರೆ ಕೆಲವನ್ನು ಮಾದರಿಗೆ ಉಳಿಸಿ, ಒಟ್ಟು ಸಂಖ್ಯೆ ಬರೆದಿಟ್ಟು ಮಿಕ್ಕವನ್ನು ತೆಗೆಯುವುದು ಬಳಕೆಯಲ್ಲಿರುವ ಕ್ರಮ. ವ್ಯಕ್ತಿಗಳ ಕಾಯಿಲೆ, ಸಾಲ, ಸಂಸಾರದ ತಾಪತ್ರಯ ಇರುವ ಕಡತಗಳನ್ನು ದಶಕಗಳ ಕಾಲ ಮುಚ್ಚಿಡುತ್ತಾರೆ. ಕೆಲವು ಸಂಸ್ಥೆಗಳು ಅವನ್ನು ತೆಗೆದುಕೊಳ್ಳುವುದೇ ಇಲ್ಲ. ಇದು ಸುಲಭದ ಆಯ್ಕೆಯಲ್ಲ. ಬಡವರ ಬದುಕಿನ ಬಗ್ಗೆ ಬಡವರೇ ಬರೆದ ಮಾತು ಸಿಗುವ ಜಾಗಗಳು ಚರಿತ್ರೆಯಲ್ಲಿ ತೀರಾ ಕಡಿಮೆ. ಆ ಪತ್ರಗಳನ್ನು ಸಾರಾಸಗಟು ನಾಶಮಾಡುವುದಕ್ಕಿಂತ ಉದ್ದದ ಅವಧಿಗೆ ಮುಚ್ಚಿಡುವುದು ಎಷ್ಟೋ ಮೇಲು.

ಇಂಥ ಪತ್ರಗಳು ಎಂಥ ಅನಿರೀಕ್ಷಿತ ಸಂಗತಿ ಹೊರಗೆಡಹುತ್ತವೆ ಎಂಬುದಕ್ಕೆ ಥಿಯೊಡೋರ್ ಬಿಲ್ಬೊ ಸಂಗ್ರಹ ಒಳ್ಳೆಯ ನಿದರ್ಶನ. ಮಿಸಿಸಿಪಿ ರಾಜ್ಯದ ಸೆನೆಟ್‌ನಿಂದ ಮೇಲೆ ಬಂದು, 1916 ಮತ್ತು 1928ರಲ್ಲಿ ಎರಡು ಸಲ ಗವರ್ನರ್ ಆಗಿ, 1935ರಲ್ಲಿ ಅಮೆರಿಕದ ಸೆನೆಟ್ ಸೇರಿದ ಈತ ಬಹಿರಂಗ ಜನಾಂಗದ್ವೇಷಿ. ಕಪ್ಪು ಜನರನ್ನು ಆಫ್ರಿಕಕ್ಕೆ ಕಳುಹಿಸಬೇಕೆಂಬ ಮಸೂದೆಯನ್ನು 1939ರಲ್ಲಿ ಮಂಡಿಸಿದ. ಅವನ ಕಾಗದಪತ್ರಗಳು ಹ್ಯಾಟಿಸ್‌ಬರ್ಗ್‌ನ ಸದರ್ನ್ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿವೆ. ಆ ಮಸೂದೆಗೆ ಬೆಂಬಲ ಕೊಟ್ಟು ಅವನ ಜೊತೆ ಪತ್ರವ್ಯವಹಾರ ನಡೆಸಿದವರಲ್ಲಿ ಕಪ್ಪು ರಾಷ್ಟ್ರೀಯವಾದಿ ಸಂಘಟನೆಗಳ ನಾಯಕರೂ ಇದ್ದರು. ಷಿಕಾಗೊದಲ್ಲಿ ಪೀಸ್ ಮೂವ್‌ಮೆಂಟ್ ಆಫ್ ಇಥಿಯೋಪಿಯ ಎಂಬ ಸಂಘಟನೆ ಕಟ್ಟಿದ ಮಿಟ್ಟಿ ಮೌಡ್ ಲೀನ ಗಾರ್ಡನ್ ಅವರಲ್ಲಿ ಒಬ್ಬರು. ಅಮೆರಿಕದಲ್ಲಿ ಬಾಳುವುದೇ ಬೇಡ, ಆಫ್ರಿಕಕ್ಕೆ ಹೊರಟುಬಿಡೋಣ ಎಂದುಕೊಂಡ ಬಡ ಕಪ್ಪು ಜನರ ಹತಾಶೆ ದಾಖಲಾಗಿ ಉಳಿದದ್ದು ಅವರನ್ನು ಹೀಗಳೆದವನ ಪೆಟ್ಟಿಗೆಯಲ್ಲಿ. ಬಿಲ್ಬೊ ಹೇಯ ವ್ಯಕ್ತಿ ಎಂದು ಆ ಸಂಗ್ರಹವನ್ನು ಯಾರಾದರೂ ಸುಟ್ಟಿದ್ದರೆ ಆ ಜನರ ದನಿಯೂ ಅದರೊಂದಿಗೆ ಬೂದಿಯಾಗುತ್ತಿತ್ತು.

ಎರಡನೆಯದು ಮಸೂದೆಯ ಕಡತ. ಕ್ಯಾಲಿಫೋರ್ನಿಯದಲ್ಲಿ ಮಸೂದೆ ಮಂಡಿಸಿದ ಶಾಸಕರ ಕಚೇರಿಯಲ್ಲಿ ಅದಕ್ಕೆ ಸಂಬಂಧಿಸಿದ ಕರಡು, ಸಮಿತಿಯ ವಿಶ್ಲೇಷಣೆ, ಪರ ವಿರೋಧದ ಪತ್ರಗಳು, ತಿದ್ದುಪಡಿಯ ಚೀಟಿಗಳು ಒಂದೇ ಕಡತದಲ್ಲಿ ಕೂಡುತ್ತವೆ. ಇವು ರಾಜ್ಯ ಪತ್ರಾಗಾರಕ್ಕೆ ಬಂದರೆ ಇತಿಹಾಸಕಾರರಿಗಿಂತ ಮೊದಲು ಓಡಿಬರುವವರು ವಕೀಲರು. ಕಾನೂನಿನ ಪದವೊಂದು ಎರಡರ್ಥ ಕೊಡುವಾಗ ಶಾಸನಸಭೆಯ ಉದ್ದೇಶ ಏನಿತ್ತು ಎಂದು ನ್ಯಾಯಾಲಯಕ್ಕೆ ತೋರಿಸಬೇಕಲ್ಲ! ಆದರೆ ಕಡತದಲ್ಲಿರುವ ಎಲ್ಲವೂ ಸಾಕ್ಷ್ಯವಲ್ಲ. ಇಡೀ ಸದನದ ಮುಂದೆ ಬಂದ ವಿಶ್ಲೇಷಣೆ ಒಪ್ಪಿಗೆಯಾಗುತ್ತದೆ. ಮಂಡಿಸಿದವರು ತಮ್ಮ ಮನಸ್ಸಿನಲ್ಲಿ ಏನಿತ್ತೆಂದು ಬರೆದುಕೊಂಡ ಖಾಸಗಿ ಟಿಪ್ಪಣಿ ಆಗುವುದಿಲ್ಲ ಎಂದು 2005ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಗೆರೆ ಎಳೆಯಿತು. ನ್ಯಾಯಾಲಯ ಬದಿಗಿಟ್ಟ ಆ ಟಿಪ್ಪಣಿಯೇ ಇತಿಹಾಸಕಾರರಿಗೆ ಬೇಕಾದದ್ದು.

ದೊಡ್ಡವರ ಮೊದಲ ಹೆಜ್ಜೆಗಳನ್ನು ಕಾಣಬೇಕೆಂದರೂ ರಾಜ್ಯಮಟ್ಟದ ದಾಖಲೆಗಳಿಗೇ ಹೋಗಬೇಕು. ಅಬ್ರಹಾಂ ಲಿಂಕನ್ 1834ರಲ್ಲಿ ಇಲಿನಾಯ್ ಶಾಸನಸಭೆಗೆ ಆಯ್ಕೆಯಾದರು. ಅವರು ಸ್ವಂತ ಕೈಯಿಂದ ಬರೆದ ಮಸೂದೆಗಳು ಆ ಶಾಸನಸಭೆಯ ದಾಖಲೆಗಳಲ್ಲಿವೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ನ್ಯೂಯಾರ್ಕ್ ರಾಜ್ಯದ ಸೆನೆಟರ್ ಆಗಿದ್ದಾಗಿನ, ಮುಂದೆ ಗವರ್ನರ್ ಆಗಿದ್ದಾಗಿನ ಪತ್ರಗಳನ್ನೂ ಜತನವಾಗಿಟ್ಟು, 1941ರಲ್ಲಿ ಹೈಡ್ ಪಾರ್ಕ್‌ನಲ್ಲಿ ತೆರೆದ ತಮ್ಮ ಗ್ರಂಥಾಲಯಕ್ಕೆ ಸೇರಿಸಿದರು.

ಸಂಗ್ರಹಿಸುವ ಸಂಸ್ಥೆಗಳು

ಅಮೆರಿಕದಲ್ಲಿ ಸರ್ಕಾರದ ಇಲಾಖೆಯಾಗಿ ರಾಜ್ಯ ಪತ್ರಾಗಾರವನ್ನು ಮೊದಲು ಸ್ಥಾಪಿಸಿದ್ದು ಅಲಬಾಮ, 1901ರಲ್ಲಿ. ಮರುವರ್ಷ ಮಿಸಿಸಿಪಿ ಅದನ್ನು ಅನುಸರಿಸಿತು. ಉತ್ತರದ ರಾಜ್ಯಗಳಲ್ಲಿ ಈ ಕೆಲಸ ಬಹುಪಾಲು ಇತಿಹಾಸ ಸಂಘಗಳಿಂದ ಶುರುವಾಯಿತು. 1846ರಲ್ಲಿ ಹುಟ್ಟಿದ ವಿಸ್ಕಾನ್ಸಿನ್ ಇತಿಹಾಸ ಸಂಘದಲ್ಲಿ ಸುಧಾರಣಾವಾದಿ ಗವರ್ನರ್ ರಾಬರ್ಟ್ ಲಾ ಫಾಲೆಟ್ ಪತ್ರಗಳಿವೆ. ಅವರ ಕುಟುಂಬದ ಇನ್ನೊಂದು ದೊಡ್ಡ ಸಂಗ್ರಹ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಬಾಸ್ಟನ್‌ನಲ್ಲಿ ಶಾಸನಸಭೆ ನಡೆಯುವ ಕಟ್ಟಡದೊಳಗೇ ಇರುವ ಮ್ಯಾಸಚೂಸೆಟ್ಸ್ ರಾಜ್ಯ ಗ್ರಂಥಾಲಯ ಸಾಮಾನ್ಯ ಶಾಸಕರ ಪತ್ರಗಳನ್ನೂ ಪಡೆದು ಇಡುತ್ತದೆ. ಶಾಸಕರು ದಿನವೂ ಓಡಾಡುವ ಕಟ್ಟಡದಲ್ಲೇ ಪತ್ರಾಗಾರ ಇರುವುದು ಸಣ್ಣ ಅನುಕೂಲವಲ್ಲ.

ವಿಶ್ವವಿದ್ಯಾಲಯಗಳು ಈ ಕ್ಷೇತ್ರಕ್ಕೆ ದೊಡ್ಡದಾಗಿ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಜಾರ್ಜಿಯ ವಿಶ್ವವಿದ್ಯಾಲಯದ ರಿಚರ್ಡ್ ರಸೆಲ್ ಗ್ರಂಥಾಲಯ 1974ರಲ್ಲಿ ಅಥೆನ್ಸ್ ಎಂಬ ಊರಿನಲ್ಲಿ ಆರಂಭವಾಯಿತು. ರಸೆಲ್ ರಾಜ್ಯದ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿ, ಗವರ್ನರ್ ಆಗಿ, 1933ರಿಂದ 1971ರಲ್ಲಿ ತೀರಿಕೊಳ್ಳುವವರೆಗೆ ಅಮೆರಿಕದ ಸೆನೆಟರ್ ಆಗಿದ್ದವರು. ಕಪ್ಪು ಜನರ ನಾಗರಿಕ ಹಕ್ಕಿನ ಕಾನೂನುಗಳನ್ನು ತಡೆಯಲು ದಕ್ಷಿಣದ ಸೆನೆಟರ್‌ಗಳ ಮುಂದಾಳಾಗಿ ನಿಂತವರು. ಅವರೊಬ್ಬರ ಪತ್ರಗಳಿಗಾಗಿ ಹುಟ್ಟಿದ ಗ್ರಂಥಾಲಯ ಆಮೇಲೆ ಜಾರ್ಜಿಯದ ಶಾಸಕರು, ಪಕ್ಷಗಳು, ಹೋರಾಟಗಾರರ ಸಂಗ್ರಹಗಳಿಗೂ ಬಾಗಿಲು ತೆರೆಯಿತು. ಒಬ್ಬರ ಸ್ಮಾರಕವಾಗಿ ಆರಂಭವಾದದ್ದು ಇಡೀ ರಾಜ್ಯದ ರಾಜಕೀಯ ನೆನಪಿನ ಮನೆಯಾದ ಈ ದಾರಿ ಬೇರೆಯವರಿಗೂ ಅನುಕರಣೀಯ.

ಅದೇ ಜಾರ್ಜಿಯದಲ್ಲಿ 1965ರಲ್ಲಿ ಶಾಸನಸಭೆಗೆ ಆರಿಸಿಬಂದ ಕಪ್ಪು ಯುವಕ ಜೂಲಿಯನ್ ಬಾಂಡ್ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ್ದಕ್ಕೆ ಸದನ ಅವರಿಗೆ ಪ್ರಮಾಣವಚನವನ್ನೇ ನಿರಾಕರಿಸಿತು. 1966ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟ ಮೇಲೆ ಅವರು ಒಳಗೆ ಹೋದರು. ಬಾಂಡ್ ಪತ್ರಗಳು ಇರುವುದು ಅವರು ಮುಂದೆ ಪಾಠ ಮಾಡಿದ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ. 1966ರಲ್ಲಿ ಟೆಕ್ಸಸ್ ಸೆನೆಟ್‌ಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಬಾರ್ಬರ ಜಾರ್ಡನ್ ಮಾತ್ರ ತಾವು ಓದಿದ, ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಹ್ಯೂಸ್ಟನ್‌ನ ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯವನ್ನೇ ಆರಿಸಿದರು. ದೊಡ್ಡ ಸಂಸ್ಥೆಗಳ ಹಣ, ಸಿಬ್ಬಂದಿ ಅಲ್ಲಿರಲಿಕ್ಕಿಲ್ಲ. ಆದರೂ ತಮ್ಮ ಜನ ಓದುವ ಕಡೆಯೇ ತಮ್ಮ ಪತ್ರ ಇರಲಿ ಎನ್ನುವ ಆಯ್ಕೆಗೆ ತನ್ನದೇ ತೂಕವಿದೆ.

ಮಿಷಿಗನ್ ರಾಜ್ಯದ ಗವರ್ನರುಗಳಾದ ಫ್ರಾಂಕ್ ಮರ್ಫಿ, ಮೆನನ್ ವಿಲಿಯಮ್ಸ್, ಜಾರ್ಜ್ ರಾಮ್ನಿ ಪತ್ರಗಳು ಆನ್ ಆರ್ಬರ್‌ನ ಬೆಂಟ್ಲಿ ಐತಿಹಾಸಿಕ ಗ್ರಂಥಾಲಯದಲ್ಲಿವೆ. ಇದೇ ರಾಜ್ಯದ ಪ್ರತಿನಿಧಿ ಸಭೆಗೆ 2020ರಲ್ಲಿ ಆಯ್ಕೆಯಾಗಿ, ಈಗ ಅಮೆರಿಕದ ಕಾಂಗ್ರೆಸ್‌ನಲ್ಲಿರುವ ಶ್ರೀ ಥಾನೇದಾರ್ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ವಲಸೆ ಬಂದ ಇಂಥ ಶಾಸಕರು ರಾಜ್ಯ ಸದನಗಳಲ್ಲಿ ಹೆಚ್ಚುತ್ತಿರುವುದರಿಂದ, ಅವರ ಸಂಗ್ರಹಗಳಲ್ಲಿ ಮುಂದೆ ಭಾರತದ ಭಾಷೆಗಳ ಪತ್ರಗಳೂ ಇರಬಹುದಾದ್ದರಿಂದ, ಅವನ್ನು ಓದಬಲ್ಲವರೂ ಆ ಪತ್ರಾಗಾರಗಳಿಗೆ ಬೇಕಾಗುತ್ತಾರೆ.

ಒಟ್ಟಾರೆ ನೋಡಿದರೆ ಈ ಸಂಸ್ಥೆಗಳ ಒಲವು ಗೆದ್ದವರ ಕಡೆಗೆ, ದೀರ್ಘಕಾಲ ಅಧಿಕಾರದಲ್ಲಿದ್ದವರ ಕಡೆಗೆ ವಾಲಿದೆ. ಒಂದೇ ಅವಧಿ ಇದ್ದು ಸೋತವರನ್ನು ಹುಡುಕಿಕೊಂಡು ಹೋಗುವ ಪತ್ರಾಗಾರಗಳು ವಿರಳ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಮೌಖಿಕ ಇತಿಹಾಸ. ಕ್ಯಾಲಿಫೋರ್ನಿಯ ಶಾಸನಸಭೆ 1985ರಲ್ಲಿ ಕಾನೂನು ಮಾಡಿ, ಮಾಜಿ ಶಾಸಕರು ಮತ್ತು ಅಧಿಕಾರಿಗಳ ಮಾತನ್ನು ಧ್ವನಿಮುದ್ರಿಸಿ ಬರೆದಿಡುವ ಕೆಲಸವನ್ನು ರಾಜ್ಯ ಪತ್ರಾಗಾರಕ್ಕೆ ವಹಿಸಿತು.

ಪತ್ರ ಬಂದ ಮೇಲೆ

ಸಂಗ್ರಹ ಕೈಬದಲಾಗುವುದು ದಾನಪತ್ರದ ಮೂಲಕ. ಕಾಗದದ ಒಡೆತನ ಯಾರದು, ಹಕ್ಕುಸ್ವಾಮ್ಯ ಯಾರದು, ಯಾವ ಭಾಗ ಎಷ್ಟು ವರ್ಷ ಮುಚ್ಚಿರಬೇಕು, ಬೇಡದ್ದನ್ನು ಎಸೆಯಬಹುದೇ ಅಥವಾ ಮನೆಯವರಿಗೆ ಮರಳಿಸಬೇಕೇ ಎಂಬುದೆಲ್ಲ ಅದರಲ್ಲಿರುತ್ತದೆ. ಬೇರೆಯವರು ಬರೆದ ಪತ್ರವನ್ನು ಶಾಸಕರು ದಾನ ಕೊಡಬಹುದು, ಆದರೆ ಅದರ ಹಕ್ಕುಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ. ಮುಚ್ಚಿಡುವ ಷರತ್ತಿಗೆ ಹೆಸರಾಂತ ಉದಾಹರಣೆ ಲಿಂಕನ್ ಪತ್ರಗಳು. ಮಗ ರಾಬರ್ಟ್ ಅವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುವಾಗ ತಾವು ಸತ್ತು 21 ವರ್ಷವಾಗುವವರೆಗೆ ಯಾರೂ ನೋಡಕೂಡದು ಎಂದರು. ಅವರು 1926ರ ಜುಲೈ 26ರಂದು ತೀರಿಕೊಂಡರು. ಪತ್ರಗಳು ತೆರೆದದ್ದು 1947ರ ಜುಲೈ 26ರಂದು. ಅವಧಿ ಎಷ್ಟೇ ಉದ್ದವಿರಲಿ, ಮುಗಿಯುವ ತಾರೀಕು ಸ್ಪಷ್ಟವಾಗಿದ್ದರೆ ಷರತ್ತಿನಿಂದ ಹಾನಿಯಿಲ್ಲ. 'ಕುಟುಂಬ ಒಪ್ಪಿದಾಗ' ಎಂಬಂಥ ಷರತ್ತು ಅಪಾಯಕಾರಿ. ಎರಡು ತಲೆಮಾರು ಕಳೆದ ಮೇಲೆ ಒಪ್ಪಿಗೆ ಕೊಡಬೇಕಾದವರು ಯಾರೆಂದೇ ಗೊತ್ತಾಗುವುದಿಲ್ಲ.

ಆಮೇಲಿನದು ಕೈಕೆಲಸ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಬೇಕು. ಅವಸರ ಮಾಡಿದರೆ ಹಾಳೆಯ ಮೂಲೆ ಕೈಗೆ ಬರುತ್ತದೆ. ವೃತ್ತಪತ್ರಿಕೆಯ ತುಣುಕುಗಳ ಆಮ್ಲ ಪಕ್ಕದ ಹಾಳೆಯನ್ನೂ ಕಂದಾಗಿಸುವುದರಿಂದ ಅವನ್ನು ಆಮ್ಲರಹಿತ ಕಾಗದದ ಮೇಲೆ ನಕಲು ಮಾಡಿ ಬೇರೆ ಇಡುತ್ತಾರೆ. ರಬ್ಬರ್ ಬ್ಯಾಂಡ್ ಅಂಟಾಗಿ ಕರಗಿ ಅಕ್ಷರ ನುಂಗಿರುತ್ತದೆ. ಇಷ್ಟೆಲ್ಲದರ ನಡುವೆ ಕೈಬಿಡದ ಸೂತ್ರ ಒಂದೇ: ಕಚೇರಿಯಲ್ಲಿ ಕಡತಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮ ಉಳಿಸುವುದು. ಆಪ್ತ ಕಾರ್ಯದರ್ಶಿ ಯಾವ ಪತ್ರವನ್ನು ಯಾವುದರ ಜೊತೆ ಕಟ್ಟಿಟ್ಟಿದ್ದರು ಎಂಬುದೂ ಮಾಹಿತಿಯೇ. ಕೊನೆಗೆ ಪೆಟ್ಟಿಗೆ, ಕಡತಗಳ ವಿವರಪಟ್ಟಿ ಸಿದ್ಧವಾದ ಮೇಲಷ್ಟೇ ಸಂಗ್ರಹ ಓದಲು ಸಿಗುತ್ತದೆ. ದೊಡ್ಡ ಸಂಗ್ರಹಕ್ಕೆ ಇದು ವರ್ಷಗಟ್ಟಲೆ ಹಿಡಿಯುವ ಕೆಲಸ.

ಇಮೇಲ್ ಕಾಲ

ಈಗಿನ ಶಾಸಕರ ಪತ್ರವ್ಯವಹಾರ ಕಾಗದದಲ್ಲಿಲ್ಲ. ಮಿಟ್ ರಾಮ್ನಿ ಮ್ಯಾಸಚೂಸೆಟ್ಸ್ ಗವರ್ನರ್ ಪದವಿಯಿಂದ ಇಳಿಯುವಾಗ ಅವರ ಆಪ್ತ ಸಿಬ್ಬಂದಿ ತಾವು ಬಳಸಿದ ಸರ್ಕಾರಿ ಕಂಪ್ಯೂಟರುಗಳ ಹಾರ್ಡ್‌ಡ್ರೈವ್‌ಗಳನ್ನು ಹಣ ಕೊಟ್ಟು ಕೊಂಡೊಯ್ದ ಸಂಗತಿ 2011ರಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಅದೇ ವರ್ಷ ಅಲಾಸ್ಕ ಸರ್ಕಾರ ಗವರ್ನರ್ ಆಗಿದ್ದ ಸಾರಾ ಪೇಲಿನ್ ಅವರ ಇಮೇಲ್‌ಗಳನ್ನು ಕಾಗದದ ಮೇಲೆ ಮುದ್ರಿಸಿ, 24,000ಕ್ಕೂ ಹೆಚ್ಚು ಪುಟಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಪತ್ರಕರ್ತರಿಗೆ ಹಂಚಿತು. ಇಮೇಲ್‌ಗಳನ್ನು ಕಾಪಾಡಿ ಓದುಗರಿಗೆ ತೆರೆಯುವ ಕೆಲಸವನ್ನು ಸರಿಯಾಗಿ ಮಾಡಿ ತೋರಿಸಿದ್ದು ರಿಚ್ಮಂಡ್‌ನ ವರ್ಜೀನಿಯ ಗ್ರಂಥಾಲಯ. 2006ರಿಂದ 2010ರವರೆಗೆ ಗವರ್ನರ್ ಆಗಿದ್ದ ಟಿಮ್ ಕೇನ್ ಆಡಳಿತದ ಸುಮಾರು 13 ಲಕ್ಷ ಇಮೇಲ್‌ಗಳನ್ನು ಅದು ಪಡೆದು, ಖಾಸಗಿ ಮತ್ತು ಗೋಪ್ಯ ಸಂಗತಿಗಳನ್ನು ಬೇರ್ಪಡಿಸಿ, 2014ರ ಜನವರಿಯಿಂದ ಕಂತುಕಂತಾಗಿ ಅಂತರ್ಜಾಲದಲ್ಲಿ ತೆರೆಯಿತು.

ಭಾರತ ಮತ್ತು ಕರ್ನಾಟಕ

ನಮ್ಮ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಸರ್ಕಾರಿ ಕಡತಗಳಿಗೆ ಸಂಬಂಧಿಸಿದ್ದು. ರಾಜಕಾರಣಿಯ ಮನೆಯ ಕಪಾಟು ಅದರ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿ ಪತ್ರಗಳು ದಾನವಾಗಿಯೇ ಬರಬೇಕು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ದಾದಾಭಾಯಿ ನವರೋಜಿಯವರ ಸುಮಾರು 30,000 ಪತ್ರಗಳಿವೆ. ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿ ಮದರಾಸಿನ ರಾಜಾಜಿ, ಬಂಗಾಳದ ಬಿ.ಸಿ. ರಾಯ್ ಮುಂತಾದ ರಾಜ್ಯ ನಾಯಕರ ಸಂಗ್ರಹಗಳಿವೆ. ಅಲ್ಲಿದ್ದ ನೆಹರೂ ಪತ್ರಗಳ 51 ಪೆಟ್ಟಿಗೆಗಳು 2008ರಲ್ಲಿ ಕುಟುಂಬಕ್ಕೆ ಮರಳಿದ್ದು, ಅವನ್ನು ಹಿಂತಿರುಗಿಸಬೇಕೆಂದು 2024ರಲ್ಲಿ ಬೇಡಿಕೆ ಬಂದದ್ದು, ದಾನದ ಷರತ್ತು ಸ್ಪಷ್ಟವಾಗಿರಬೇಕೆಂಬುದಕ್ಕೆ ನಮ್ಮದೇ ನೆಲದ ಸಾಕ್ಷಿ.

1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ನಾಡು ಮೈಸೂರು. ಸದನದಲ್ಲಿ ಆಡಿದ ಮಾತು ಮುದ್ರಿತ ನಡವಳಿಗಳಲ್ಲಿ ಸಿಗುತ್ತದೆ. 1974ರ ಭೂಸುಧಾರಣಾ ತಿದ್ದುಪಡಿಗೆ ಮುನ್ನ ಶಾಸಕರ ಮನೆಗಳಿಗೆ ಗೇಣಿದಾರರು ಏನು ಬರೆದರು, ಭೂಮಾಲೀಕರು ಏನು ಬರೆದರು ಎಂಬುದು ನಡವಳಿಯಲ್ಲಿ ಬರುವಂಥದ್ದಲ್ಲ. ಶಾಸಕರಾಗಿದ್ದ ಶಾಂತವೇರಿ ಗೋಪಾಲಗೌಡರನ್ನು ಇಂದಿನ ಓದುಗರು ಬಲ್ಲದ್ದು ಹೆಚ್ಚಾಗಿ ಒಡನಾಡಿಗಳ ನೆನಪಿನಿಂದ, ಅವರ ನೆರಳಿರುವ ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯಿಂದ. ಕಾದಂಬರಿಗೆ ಅದರದೇ ಸತ್ಯವಿದೆ. ಮತದಾರನೊಬ್ಬ ಬರೆದ ಅಂಚೆ ಕಾರ್ಡಿನ ಸತ್ಯ ಬೇರೆ.

ಮಾಜಿ ಶಾಸಕರ ಮನೆಗಳಲ್ಲಿ ಅಟ್ಟದ ಮೇಲೆ ಇಂಥ ಪೆಟ್ಟಿಗೆಗಳು ಇನ್ನೂ ಇದ್ದರೆ, ಮನೆಯವರು ಮಾಡಬೇಕಾದ್ದು ಕಷ್ಟದ್ದೇನಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತಾವೇ ಆರಿಸಿ ಎಸೆಯಬೇಡಿ. ಕಟ್ಟುಗಳನ್ನು ಬಿಚ್ಚಿ ಹೊಸದಾಗಿ ಜೋಡಿಸಬೇಡಿ. ಫೋಟೊಗಳ ಹಿಂದೆ ಪೆನ್ಸಿಲಿನಿಂದ ಹೆಸರು, ವರ್ಷ ಬರೆದಿಡಿ. ಗೆದ್ದಲಿಂದ, ನೀರಿಂದ ದೂರವಿಟ್ಟು ಪತ್ರಾಗಾರದವರನ್ನು ಕರೆಸಿ. ಕೆಲವನ್ನು 20 ವರ್ಷ ಮುಚ್ಚಿಡಿ ಎಂದು ಕೇಳುವ ಹಕ್ಕು ಕೊಡುವವರಿಗಿದೆ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿ ಇರುವುದು ಆ ಶಾಸಕರು ಕೂತು ಕಾನೂನು ಮಾಡಿದ ವಿಧಾನಸೌಧದಲ್ಲೇ.